ಅಪ್ಪ ತುಂಬಿಟ್ಟ ಟ್ಯಾಂಕು

ಖಾಲಿ ಬಕೆಟ್ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಡಚ್ಚರ ನಾಡಿನ ಐಂಡ್‌ಹೋವನ್‌ಗೆ ಬಂದು ಎಷ್ಟೋ ವರ್ಷಗಳಾದವು. ಇಲ್ಲಿ ನಲ್ಲಿ ತಿರುಗಿಸಿದರೆ ಹಗಲೂ ರಾತ್ರಿ ನೀರು ಬರುತ್ತದೆ, ಅದೂ ಹಾಗೇ ಕುಡಿಯಬಹುದಾದ ನೀರು. ಆದರೂ ನಮ್ಮ ಬಚ್ಚಲಲ್ಲಿ ಒಂದು ಬಕೆಟ್, ಅಡುಗೆಮನೆ ಬಾಗಿಲ ಹಿಂದೆ ಒಂದು ಸ್ಟೀಲ್ ಕೊಡ ಯಾವಾಗಲೂ ತುಂಬಿಕೊಂಡೇ ಇರುತ್ತವೆ. ಆಫೀಸಿನ ಡಚ್ ಗೆಳತಿಯೊಬ್ಬಳು ಒಮ್ಮೆ ಊಟಕ್ಕೆ ಬಂದವಳು ಆ ಕೊಡ ನೋಡಿ, ಇದು ಯಾವ ಪೂಜೆಗೆ ಎಂದು ಭಕ್ತಿಯಿಂದ ಕೇಳಿದಳು. ನಾನೂ ಅಷ್ಟೇ ಭಕ್ತಿಯಿಂದ ತಲೆಯಾಡಿಸಿ ಸುಮ್ಮನಾದೆ. ನಾಳೆ ನೀರು ಬರದಿದ್ದರೆ ಇರಲಿ ಎಂದು ತುಂಬಿಟ್ಟಿದ್ದೇನೆ ಎಂದಿದ್ದರೆ, ನೀರು ಯಾಕೆ ಬರುವುದಿಲ್ಲ ಎಂಬಲ್ಲಿಂದ ಶುರು ಮಾಡಿ ಗದಗ ಸೀಮೆಯ ನಮ್ಮೂರಿನ ತನಕ ಅವಳನ್ನು ಕರೆದುಕೊಂಡು ಹೋಗಬೇಕಾಗುತ್ತಿತ್ತು. ಸಾರು ಆರಿಹೋಗುತ್ತಿತ್ತು.

ನಿಮಗಾದರೆ ಹೇಳಬಹುದು. ನಮ್ಮೂರಲ್ಲಿ ನೀರು ಬರುತ್ತಿದ್ದದ್ದು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಅದಕ್ಕೂ ತಡ. ಯಾವ ದಿನ, ಯಾವ ಹೊತ್ತು ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಅಪ್ಪ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರು. ಕೊರಳಲ್ಲಿ ಸದಾ ಒಂದು ಸೀಟಿ. ನಲ್ಲಿಗೆ ನಾವು ನಳ ಅನ್ನುತ್ತೇವೆ. ನಳದ ಬಾಯಿಂದ ಮೊದಲ ಹನಿ ಬಿದ್ದದ್ದೇ ತಡ, ಅಪ್ಪ ಅಂಗಳದಲ್ಲಿ ನಿಂತು ಉದ್ದನೆಯ ಒಂದು ಸೀಟಿ ಹೊಡೆಯುತ್ತಿದ್ದರು. "ನಳಾ ಬಂದಾವ! ಏಳ್ರಿ, ಏಳ್ರಿ!" ಇಡೀ ಓಣಿ ಎದ್ದು ಕೊಡ ಹಿಡಿದು ಓಡುತ್ತಿತ್ತು. ಓಣಿಯ ಹೆಂಗಸರು ಅಪ್ಪನನ್ನು ಬಯ್ದುಕೊಳ್ಳುತ್ತಲೇ ಏಳುತ್ತಿದ್ದರು, ಆದರೆ ಅಪ್ಪ ಊರಲ್ಲಿ ಇಲ್ಲದ ದಿನ ನೀರು ಬಂದು ಹೋದರೆ ಇನ್ನೂ ಜೋರಾಗಿ ಬಯ್ಯುತ್ತಿದ್ದರು.

ನೀರು ತುಂಬುವುದರಲ್ಲಿ ಅಪ್ಪನಿಗೆ ಒಂದು ಕ್ರಮವಿತ್ತು. ನಳದ ಬಾಯಿಗೆ ಹಳೆ ಧೋತರದ ತುಂಡು ಕಟ್ಟುವುದು. ಮೊದಲು ಕುಡಿಯುವ ನೀರಿನ ತಾಮ್ರದ ಕೊಡಗಳು, ಆಮೇಲೆ ಹಂಡೆ, ಆಮೇಲೆ ಬಳಸುವ ನೀರಿನ ಬ್ಯಾರಲ್ಲು. ಅಷ್ಟಾದ ಮೇಲೂ ನಳದಲ್ಲಿ ನೀರಿದ್ದರೆ ಅಪ್ಪನಿಗೆ ತಡೆಯಲಾಗುತ್ತಿರಲಿಲ್ಲ. ಕುಕ್ಕರು, ಬೋಗುಣಿ, ನಮ್ಮ ಶಾಲೆಯ ಡಬ್ಬಿ, ಕೈಗೆ ಸಿಕ್ಕಿದ್ದಕ್ಕೆಲ್ಲ ತುಂಬುವುದು. ಭಾಷಣ ಸ್ಪರ್ಧೆಯಲ್ಲಿ ನನಗೆ ಬಹುಮಾನವಾಗಿ ಒಂದು ಲೋಟದಂಥ ಕಪ್ಪು ಬಂದಿತ್ತು. ಅದನ್ನೂ ತುಂಬಿ ಶೋಕೇಸಿನಲ್ಲಿಟ್ಟರು. ನಾನು ಅಳುತ್ತ ಕೂತೆ. "ಅಳಬ್ಯಾಡ ಯವ್ವಾ, ಕಪ್ಪು ಖಾಲಿ ಇದ್ರ ಏನ ಚಂದ?" ಎಂದು ಅಪ್ಪ ಸಮಾಧಾನ ಮಾಡಿದ್ದರು. ಆ ಕಪ್ಪು ಒಳಗಿನಿಂದ ತುಕ್ಕು ಹಿಡಿದುಹೋಯಿತು.

ಇನ್ನೊಂದು ಪದ್ಧತಿಯಿತ್ತು. ಮದುವೆಗೋ ಜಾತ್ರೆಗೋ, ಎಲ್ಲಿಗೇ ಹೊರಡಲಿ, ಮನೆಯ ಪಾತ್ರೆಗಳನ್ನೆಲ್ಲ ತುಂಬಿಟ್ಟೇ ಬೀಗ ಹಾಕಬೇಕು. ಬಸ್ಸು ತಪ್ಪಿದರೂ ಚಿಂತೆಯಿಲ್ಲ. ದಣಿದು ಬಂದವರಿಗೆ ಕಾಲು ತೊಳೆಯಲು, ಒಂದು ಲೋಟ ಚಹಾ ಕಾಯಿಸಲು ಮನೆಯಲ್ಲಿ ನೀರಿರಬೇಕು ಎನ್ನುವುದು ಅಪ್ಪನ ಮಾತು. ನಾವು ಎಷ್ಟೋ ಬಸ್ಸು ತಪ್ಪಿಸಿಕೊಂಡಿದ್ದೇವೆ.

ಈಗ ನನ್ನ ಗಂಡ ರಘುವಿನ ವಿಷಯಕ್ಕೆ ಬರಬೇಕು. ರಘು ಮೈಸೂರಿನವನು. ಕಾವೇರಿ ನೀರಿನಲ್ಲಿ ಮಿಂದು ಬೆಳೆದವನಿಗೆ ಹಲ್ಲುಜ್ಜುವಾಗ ನಲ್ಲಿ ಮುಚ್ಚಬೇಕು ಎಂದು ಕಲಿಸಲು ನನಗೆ ಮದುವೆಯಾದ ಮೇಲೆ ಬಹಳ ದಿನ ಹಿಡಿಯಿತು. ಅವನಿಗೆ ಇದ್ದಕ್ಕಿದ್ದಂತೆ ಕ್ಯಾಂಪರ್ ಹುಚ್ಚು ಹತ್ತಿತು. ವ್ಯಾನಿನೊಳಗೇ ಮಂಚ, ಒಲೆ, ಪುಟ್ಟ ಬಚ್ಚಲು ಎಲ್ಲ ಇರುವ ಗಾಡಿ ಅದು. ಹಳೆಯದೊಂದನ್ನು ಕೊಂಡು ತಂದು ಮನೆಯ ಪಕ್ಕದ ಜಾಗದಲ್ಲಿ ನಿಲ್ಲಿಸಿ, ಹೊಸ ಎಮ್ಮೆ ಕೊಂಡವರ ಹಾಗೆ ದಿನಕ್ಕೆ ನಾಲ್ಕು ಸಲ ಸುತ್ತು ಹಾಕಿ ನೋಡುತ್ತಿದ್ದ. ಪಕ್ಕದ ಮನೆಯ ವಿಲ್ಲೆಮ್ ರಿಟೈರಾದವರು, ಅವರದೂ ಒಂದು ಕ್ಯಾಂಪರ್ ಇದೆ. ಅವರು ರಘುವಿಗೆ ಉಪದೇಶಿಸಿದ್ದು ಒಂದೇ ಮಂತ್ರ. ಚಳಿಗಾಲ ಬರುವ ಮೊದಲು ನೀರನ್ನೆಲ್ಲ ಹೊರಗೆ ಬಿಡು, ನಲ್ಲಿಗಳನ್ನು ತೆರೆದೇ ಇಡು. ಒಳಗೆ ಉಳಿದ ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಹಿಗ್ಗಿದರೆ ಪಂಪು ಸೀಳುತ್ತದೆ, ಪೈಪು ಒಡೆಯುತ್ತದೆ, ನೀರು ಕಾಯಿಸುವ ಬಾಯ್ಲರ್ ಕೆಡುತ್ತದೆ.

ಅಪ್ಪ ಅವ್ವ ಕಳೆದ ವರ್ಷ ಬೇಸಿಗೆಗೆ ನಮ್ಮಲ್ಲಿಗೆ ಬಂದರು. ಅವ್ವನಿಗೆ ಹೋಟೆಲಿನ ಊಟ ಆಗುವುದಿಲ್ಲ, ಕಂಡವರ ಬಚ್ಚಲು ಸೇರುವುದಿಲ್ಲ. ಹೀಗಾಗಿ ಕ್ಯಾಂಪರ್ ಅವಳಿಗಾಗಿಯೇ ಮಾಡಿಸಿದ ಹಾಗಾಯಿತು. ಅವ್ವ ಅದರ ಪುಟ್ಟ ಒಲೆಯ ಮೇಲೆ ರೊಟ್ಟಿ ಬಡಿದಳು, ಇಲ್ಲಿಯ ಜೀಲೆಂಡ್ ಕರಾವಳಿಯ ಗಾಳಿಯಲ್ಲಿ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಹರಡಿ ಅಕ್ಕಪಕ್ಕದ ಗಾಡಿಯವರು ಮೂಗರಳಿಸಿಕೊಂಡು ಬಂದರು. ಅಪ್ಪ ಮೊದಲ ದಿನವೇ ತಾವಾಗಿ ನೀರಿನ ಖಾತೆ ವಹಿಸಿಕೊಂಡರು. ಗಾಡಿಯ ಗೋಡೆಯಲ್ಲಿ ಒಂದು ಗುಂಡಿಯಿದೆ, ಒತ್ತಿದರೆ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ದೀಪಗಳು ಹೇಳುತ್ತವೆ. ತುಂಬಿದ್ದರೆ ನಾಲ್ಕೂ ಉರಿಯುತ್ತವೆ. ಅಪ್ಪ ಎದ್ದ ಕೂಡಲೇ, ಮಲಗುವ ಮೊದಲು, ಚಹಾದ ಮುಂಚೆ, ಚಹಾ ಆದ ಮೇಲೆ ಆ ಗುಂಡಿ ಒತ್ತಿ ನೋಡುತ್ತಿದ್ದರು. ಒಂದು ದೀಪ ಆರಿದರೆ ಸಾಕು, ಪೈಪು ಹಿಡಿದುಕೊಂಡು ಕ್ಯಾಂಪಿಂಗಿನ ನಲ್ಲಿಯತ್ತ ನಡೆದರು ಎಂದೇ ಅರ್ಥ.

"ಅಳಿಯಂದ್ರ, ಟ್ಯಾಂಕು ಫುಲ್ ಮಾಡೇನಿ. ಇನ್ನ ಎಲ್ಲಿಗಾದ್ರೂ ಹೊಡೀರಿ ಗಾಡಿ."

"ಮಾವ, ಅಷ್ಟು ತುಂಬಿದ್ರೆ ಗಾಡಿ ತೂಕ ಜಾಸ್ತಿ ಆಗತ್ತೆ, ಡೀಸೆಲ್ ಕುಡಿಯತ್ತೆ."

"ಕುಡೀಲಿ ಬಿಡ್ರಿ, ಅದಕ್ಕೂ ನೀರಡಿಕಿ ಆಗಿರತೈತಿ."

ಈ ದೇಶ ಅಪ್ಪನಿಗೆ ಒಂದು ಒಗಟಾಗಿತ್ತು. ಗಾಳಿಯಂತ್ರದ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ, ಹಿಂದಿನ ಕಾಲದಲ್ಲಿ ಇದು ಏನು ಮಾಡುತ್ತಿತ್ತು ಎಂದು ಕೇಳಿದರು. ಹೊಲದಲ್ಲಿ ನಿಂತ ನೀರನ್ನು ಎತ್ತಿ ಕಾಲುವೆಗೆ ಹಾಕಿ ಸಮುದ್ರಕ್ಕೆ ಬಿಡುತ್ತಿತ್ತು ಎಂದು ನನ್ನ ಮಗಳು ಇಂಚರಾ ಶಾಲೆಯಲ್ಲಿ ಕಲಿತದ್ದನ್ನು ಹೇಳಿದಳು. ಅಪ್ಪ ಅದರ ಸುತ್ತ ಒಂದು ಸುತ್ತು ಹಾಕಿ ಬಂದರು. "ನೀರು ಹೊರಗ ಹಾಕಾಕ ಇಷ್ಟು ದೊಡ್ಡ ಯಂತ್ರಾ?" ಎಂದು ಕೊನೆಗೆ ನನ್ನನ್ನೇ ಕೇಳಿದರು, ಇದನ್ನೆಲ್ಲ ನಾನೇ ಕಟ್ಟಿಸಿದ್ದೆನೋ ಎನ್ನುವಂತೆ.

ಸೆಪ್ಟೆಂಬರಿನಲ್ಲಿ ಅವರ ವೀಸಾ ಮುಗಿಯಿತು. ಹೊರಡುವ ದಿನ ಬೆಳಿಗ್ಗೆ ರಘು ಸೂಟ್‌ಕೇಸುಗಳನ್ನು ಕಾರಿಗೆ ತುಂಬುತ್ತಿದ್ದ. ಅಪ್ಪ ಕಾಣಲಿಲ್ಲ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ, ವಿಮಾನಕ್ಕೆಂದು ಹಾಕಿಕೊಂಡ ಹೊಸ ಬಿಳಿ ಅಂಗಿಯ ತೋಳು ಮಡಚಿ, ತೋಟದ ಪೈಪು ಹಿಡಿದು ಕ್ಯಾಂಪರಿನ ಟ್ಯಾಂಕು ತುಂಬಿಸುತ್ತಿದ್ದರು.

"ಅಪ್ಪಾ, ಬರ್ರಿ, ಹೊತ್ತಾತು! ನಾವು ಈಗ ಎಲ್ಲಿಗೂ ಹೊಂಟಿಲ್ಲ. ಅದಕ್ಯಾಕ ತುಂಬಾಕತ್ತೀರಿ?"

"ನಾವು ಹೊಂಟೇವಲ್ಲ. ಖಾಲಿ ಬಿಟ್ಟು ಹೋಗೂದು ಬ್ಯಾಡ. ನೀವು ಯಾವಾಗರೆ ಹೊರಗ ಹೊಂಟ್ರ ನೀರು ತಯಾರ ಇರತಾವ."

ಒಳಗೆ ಹೋಗಿ ಗುಂಡಿ ಒತ್ತಿ ನಾಲ್ಕೂ ದೀಪ ನೋಡಿಕೊಂಡು ಬಂದ ಮೇಲೆಯೇ ಕಾರು ಹತ್ತಿದರು. ವಿಮಾನ ನಿಲ್ದಾಣದಲ್ಲಿ ಅಪ್ಪನ ಅಂಗಿಯ ಕೈ ಇನ್ನೂ ಒದ್ದೆಯಾಗಿಯೇ ಇತ್ತು.

ದೀಪಾವಳಿ ಕಳೆದ ಮರುದಿನ ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮನ ಫೋನ್ ಬಂತು. ಅಪ್ಪ ಹೋಗಿಬಿಟ್ಟಿದ್ದರು. ನೆಲ ಹತ್ತದೆ, ಹಾಸಿಗೆ ಹಿಡಿಯದೆ, ಪೇಪರ್ ಓದುತ್ತ ಕುರ್ಚಿಯಲ್ಲಿಯೇ. ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದುಹೋಗಿತ್ತು. ಅವ್ವನನ್ನು ತಮ್ಮ ತನ್ನ ಮನೆಗೆ ಕರೆದುಕೊಂಡು ಹೋದ. ನಾನು ವಾಪಸು ಬಂದೆ, ಆಫೀಸಿಗೆ ಹೋದೆ, ಮೀಟಿಂಗುಗಳಲ್ಲಿ ಕೂತೆ, ಯಾರೋ ಹೇಳಿದ ಜೋಕಿಗೆ ನಕ್ಕೆ ಕೂಡ. ಅಳು ಮಾತ್ರ ಬರಲೇ ಇಲ್ಲ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ರಘು ಚಹಾ ಕುಡಿಯುತ್ತ, "ಈ ವಾರ ಕ್ಯಾಂಪರ್ ನೀರು ಖಾಲಿ ಮಾಡ್ಬೇಕು, ಫ್ರಾಸ್ಟ್ ಬರತ್ತಂತೆ" ಎಂದ. ಆ ಟ್ಯಾಂಕಿನಲ್ಲಿ ಇದ್ದದ್ದು ಅಪ್ಪ ತುಂಬಿದ ನೀರು. ನಮಗಾಗಿ ಅಪ್ಪ ಕೊನೆಯ ಸಲ ತುಂಬಿಟ್ಟು ಹೋದ ನೀರು. ಅದನ್ನು ರಸ್ತೆಯ ಮೋರಿಗೆ ಬಿಡುವುದೆಂದರೆ ಏನು!

"ಬೇಡ" ಎಂದೆ.

"ಬೇಡ ಅಂದ್ರೆ?"

"ಅಪ್ಪ ತುಂಬಿದ್ದು."

ರಘು ಕಪ್ಪು ಕೆಳಗಿಟ್ಟ. ಟೈರಿನ ಗಾಳಿ ಸ್ವಲ್ಪ ಕಡಿಮೆಯಾದರೂ ನಿದ್ದೆಗೆಡುವ ಮನುಷ್ಯ ಅವನು. ಆದರೂ ಅವತ್ತು ಸಂಜೆ ಆಫೀಸಿನಿಂದ ಬರುವಾಗ ಒಂದು ಪುಟ್ಟ ಎಲೆಕ್ಟ್ರಿಕ್ ಹೀಟರ್ ತಂದು, ಮನೆಯಿಂದ ಕ್ಯಾಂಪರಿಗೆ ವೈರು ಎಳೆದ. ಮದುವೆಯಾದಾಗಿನಿಂದ ಅವನು ನನಗೆ ಕೊಡಿಸಿದ ಸೀರೆ, ಓಲೆಗಳ ಮುಂದೆ ನನಗೆ ಆ ಹೀಟರೇ ದೊಡ್ಡದಾಗಿ ಕಂಡಿತು.

ಅಲ್ಲಿಂದ ಮುಂದೆ ನನ್ನ ದಿನಚರಿ ಬದಲಾಯಿತು. ನಾನು ಕಂಪ್ಯೂಟರ್ ಚಿಪ್‌ಗಳನ್ನು ತಯಾರಿಸುವ ಯಂತ್ರಗಳ ಕೆಲಸ ಮಾಡುವವಳು. ಯಾವ ವಸ್ತು ಎಷ್ಟು ತಣ್ಣಗಾದರೆ ಏನಾಗುತ್ತದೆ ಎಂದು ಲೆಕ್ಕ ಹಾಕುವುದೇ ನನ್ನ ಹೊಟ್ಟೆಪಾಡು. ಅಂಥವಳು ಅವ್ವ ಹೊಲಿದು ಕೊಟ್ಟ ಕೌದಿಯನ್ನು ಬೀರುವಿನಿಂದ ತೆಗೆದು ಪ್ಲಾಸ್ಟಿಕ್ ಟ್ಯಾಂಕಿಗೆ ಹೊದಿಸಿದೆ. ಪಂಪಿನ ಸುತ್ತ ಇಂಚರಾಳ ಹಳೆಯ ಮಫ್ಲರು ಸುತ್ತಿದೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಕೋಟು ಹಾಕಿಕೊಂಡು ಹೋಗಿ ಗುಂಡಿ ಒತ್ತುತ್ತಿದ್ದೆ. ನಾಲ್ಕೂ ದೀಪ ಉರಿದರೆ ನನಗೆ ಆ ದಿನ ಊಟ ರುಚಿಸುತ್ತಿತ್ತು. ಇಂಚರಾ ಒಂದು ದಿನ ಬಾಗಿಲಲ್ಲಿ ನಿಂತು, "ಅಮ್ಮಾ, ಇಟ್ಸ್ ಜಸ್ಟ್ ವಾಟರ್" ಎಂದಳು. ಹೌದು ಮಗಳೇ, ಬರೀ ನೀರು. ಅವಳಿಗೆ ಅಷ್ಟು ಮಾತ್ರ ಹೇಳಿ ಕೌದಿ ಸರಿಮಾಡಿದೆ.

ಆ ವಾರದ ಕೊನೆಯಲ್ಲಿ ಚಳಿ ಏರಿತು. ಬೆಳಿಗ್ಗೆ ಹೋಗಿ ನೋಡಿದರೆ ಕ್ಯಾಂಪರಿನ ಕೆಳಗೆ ಇಟ್ಟಿಗೆ ನೆಲದ ಮೇಲೆ ದೊಡ್ಡದೊಂದು ನೀರಿನ ಗುರುತು, ಅಂಚೆಲ್ಲ ಮಂಜುಗಡ್ಡೆಯಾಗಿತ್ತು. "ರಘೂ, ನೀರು ಹೋಯ್ತು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡೆ. ಅವನು ಪೈಜಾಮದಲ್ಲಿಯೇ ಓಡಿಬಂದು, ಬಗ್ಗಿ ಟಾರ್ಚು ಹಾಕಿ ನೋಡಿ ನಿಟ್ಟುಸಿರು ಬಿಟ್ಟ.

"ಟ್ಯಾಂಕ್ ಅಲ್ಲ, ಬಾಯ್ಲರ್ದು. ಅದರಲ್ಲೊಂದು ವಾಲ್ವ್ ಇದೆ. ತುಂಬಾ ಚಳಿ ಆದ್ರೆ ತಾನಾಗೇ ತೆರ್ಕೊಂಡು ನೀರು ಬಿಟ್ಬಿಡತ್ತೆ, ಒಡೆದು ಹೋಗ್ಬಾರ್ದು ಅಂತ. ಹೀಟರ್ ಗಾಳಿ ಅಲ್ಲಿಗೆ ಮುಟ್ಟಿಲ್ಲ." ಟಾರ್ಚು ಆರಿಸಿ ಮೆಲ್ಲಗೆ ಅಂದ, "ಸುಮಾ, ಸೋಮವಾರದಿಂದ ಇನ್ನೂ ಜಾಸ್ತಿ ಆಗತ್ತಂತೆ. ಹೀಟರ್ ಸಾಕಾಗಲ್ಲ. ಟ್ಯಾಂಕೇ ಸೀಳಿದ್ರೆ ಆ ನೀರೂ ಉಳಿಯಲ್ಲ, ಗಾಡೀನೂ ಉಳಿಯಲ್ಲ."

ಇದು ಲೆಕ್ಕ ಬಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಳಗೆ ಬಂದು ಅವ್ವನಿಗೆ ಫೋನ್ ಮಾಡಿದೆ. ಅವ್ವ ತಮ್ಮನ ಮನೆಯ ಕಟ್ಟೆಯ ಮೇಲೆ ಕೂತು ಮೆಂತೆಸೊಪ್ಪು ಬಿಡಿಸುತ್ತಿದ್ದಳು. ಟ್ಯಾಂಕಿನ ಕಥೆಯನ್ನೆಲ್ಲ ಹೇಳಿದೆ, ಅವಳ ಕೌದಿಯ ಕಥೆಯನ್ನೂ ಬಿಡದೆ. ಅವ್ವ ಅಳುತ್ತಾಳೆ, ಆ ನೀರನ್ನು ಹೇಗಾದರೂ ಉಳಿಸಿಕೋ ಅನ್ನುತ್ತಾಳೆ ಎಂದುಕೊಂಡಿದ್ದೆ. ಅವ್ವ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲೇ ಇಲ್ಲ.

"ಸೆಪ್ಟೆಂಬರದಾಗ ತುಂಬಿದ ನೀರು ಇನ್ನೂ ಇಟಗೊಂಡು ಕುಂತೀಯೇನ? ಖೋಡಿ!"

"ಅವ್ವಾ, ಅಪ್ಪ ತುಂಬಿದ್ದಲ್ಲ..."

"ಹೌದವಾ, ಅವರಽ ತುಂಬಿದ್ದು. ಬಳಸಾಕ ತುಂಬಿದ್ದು. ನಮ್ಮನಿಯಾಗ ಹೊಸಾ ನೀರು ಬಂದ ದಿನ ಹಳೇ ನೀರು ಏನ ಮಾಡತಿದ್ರು ನಿಮ್ಮಪ್ಪ? ಹಿತ್ತಲದಾಗ ಚೆಲ್ಲತಿದ್ರೇನ? ಅರಬಿ ತೊಳಿ, ಭಾಂಡೆ ತಿಕ್ಕು, ಗಿಡಕ್ಕ ಹಾಕು ಅಂತ ಒಂದ ತಂಬಿಗಿನೂ ಬಿಡದಂಗ ಖರ್ಚು ಮಾಡಸತಿದ್ರು. ಅವರು ಜೀವನದಾಗ ಒಂದ ಹನಿ ನೀರು ಕೆಡಸಲಿಲ್ಲ. ನೀ ಇಡೀ ಟ್ಯಾಂಕು ಕೆಡಸಾಕತ್ತಿ. ಏಳು, ಬಳಸು."

ಫೋನ್ ಇಟ್ಟೆ. ಆಮೇಲೆ ಎದ್ದು, ಮನೆಯಲ್ಲಿದ್ದ ಬಕೆಟ್ಟುಗಳನ್ನೆಲ್ಲ ಸೇರಿಸಿದೆ.

ಆ ಶನಿವಾರ ಮಧ್ಯಾಹ್ನ ನಮ್ಮ ಬೀದಿಯವರು ನೋಡಿದ್ದು ಹೀಗೆ. ಕ್ಯಾಂಪರಿನೊಳಗೆ ನಾನು ನಲ್ಲಿ ತೆರೆದು ಬಕೆಟ್ ಹಿಡಿಯುತ್ತೇನೆ. ರಘು ಅದನ್ನು ಹೊತ್ತು ಮನೆಯೊಳಗೆ ಹೋಗುತ್ತಾನೆ. ಇಂಚರಾ ಹಿಂದೆ ಹಿಂದೆ ಪಾತ್ರೆಗಳಲ್ಲಿ ಹೊಯ್ದುಕೊಂಡು ಬೂಟು ಒದ್ದೆ ಮಾಡಿಕೊಳ್ಳುತ್ತ ಓಡುತ್ತಾಳೆ. ಒಂದು ಬಕೆಟ್ಟಿನಲ್ಲಿ ಬಟ್ಟೆ ನೆನೆಹಾಕಿದೆ, ಇನ್ನೊಂದರಲ್ಲಿ ಪಾತ್ರೆ ತೊಳೆದೆ, ನೆಲ ಒರೆಸಿದೆ, ಮನೆಯೊಳಗಿನ ಕುಂಡಗಳಿಗೆ ಹಾಕಿದೆ. ರಘು ಉಳಿದದ್ದನ್ನು ಟಾಯ್ಲೆಟ್ಟಿನ ತೊಟ್ಟಿಗೆ ಸುರಿಯಲೇ ಎಂದು ಕೇಳಿದ. ಅಪ್ಪನಿದ್ದಿದ್ದರೆ ಅದನ್ನೇ ಮೊದಲು ಹೇಳುತ್ತಿದ್ದರು, ಸುರಿ ಎಂದೆ. ನಡುನಡುವೆ ಇಂಚರಾ ಗುಂಡಿ ಒತ್ತಿ, "ಮೂರು ದೀಪ! ಅಮ್ಮಾ, ಈಗ ಎರಡು!" ಎಂದು ಕೂಗುತ್ತಿದ್ದಳು.

ಬೇಲಿಯಾಚೆ ವಿಲ್ಲೆಮ್ ಬಹಳ ಹೊತ್ತು ಇದನ್ನು ನೋಡುತ್ತಿದ್ದರು. ಚಳಿಗಾಲಕ್ಕೆ ಮುಂಚೆ ಕ್ಯಾಂಪರಿನ ನೀರನ್ನು ಮೋರಿಗೆ ಬಿಡುವವರನ್ನು ಅವರು ಜೀವಮಾನವೆಲ್ಲ ನೋಡಿದ್ದಾರೆ. ಕ್ಯಾಂಪರಿನಿಂದ ಮನೆಗೆ ನೀರು ಹೊರುವವರನ್ನು ನೋಡಿದ್ದು ಅದೇ ಮೊದಲು. ಕೊನೆಗೆ ತಡೆಯಲಾರದೆ ಬಂದು, ನಿಮ್ಮ ಮನೆಯ ನೀರು ನಿಂತುಹೋಗಿದೆಯೇ ಎಂದು ಕೇಳಿದರು. ರಘು ನನ್ನ ಮುಖ ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಒಳಗೆ ಹೋಗಿ, ತಮ್ಮ ನಲ್ಲಿಯಿಂದ ಎರಡು ಕ್ಯಾನು ನೀರು ತುಂಬಿ ಏದುಸಿರು ಬಿಡುತ್ತ ತಂದು ನಮ್ಮ ಬಾಗಿಲಲ್ಲಿಟ್ಟರು. ಬೇಕಾದರೆ ಇನ್ನೂ ಕೊಡುತ್ತೇನೆ, ಸಂಕೋಚ ಬೇಡ ಎಂದರು. ಅಷ್ಟು ಹೊತ್ತೂ ಖಾಲಿ ಮಾಡಲೆಂದು ಒದ್ದಾಡುತ್ತಿದ್ದ ನಾವು ಕೈಮುಗಿದು ಆ ನೀರನ್ನೂ ಒಳಗೆ ತೆಗೆದುಕೊಂಡೆವು. ನೀರಿಲ್ಲದವರ ಮನೆಗೆ ಕೇಳದೆಯೇ ನೀರು ತಂದುಕೊಡುವವರನ್ನು ನಾನು ಓಣಿ ಬಿಟ್ಟ ಮೇಲೆ ಕಂಡಿರಲಿಲ್ಲ.

ಕೊನೆಯ ದೀಪವೂ ಆರಿತು. ಪಂಪು ನೀರು ಸಿಗದೆ ಒಂದಿಷ್ಟು ಗರಗರ ಎಂದು ಸುಮ್ಮನಾಯಿತು. ರಘು ಟ್ಯಾಂಕಿನ ಬಿರಡೆ ತೆಗೆದು, ನಲ್ಲಿಗಳನ್ನೆಲ್ಲ ತೆರೆದಿಟ್ಟು, ಷವರನ್ನು ಕೆಳಗೆ ಮಲಗಿಸಿ, ವಿಲ್ಲೆಮ್ ಹೇಳಿಕೊಟ್ಟ ಹಾಗೆ ಪೈಪಿಗೆ ಬಾಯಿಟ್ಟು ಊದಿದ. ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಉಳಿದದ್ದು ಒಂದು ಬಕೆಟ್ ನೀರು. ಅದನ್ನು ದೊಡ್ಡ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟೆ.

"ಇದನ್ನೇನು ಮಾಡ್ತೀಯ?" ಎಂದು ರಘು ಕೇಳಿದ.

"ಜಳಕ."

"ಮೂರು ತಿಂಗಳು ಹಳೇ ನೀರು ಕಣೇ. ಚೆನ್ನಾಗಿ ಕುದಿಸು ಹಾಗಾದ್ರೆ" ಎಂದು ಅವನೇ ಒಲೆ ದೊಡ್ಡದು ಮಾಡಿದ.

ನಿಮಗೆ ಒಂದು ಮಾತು ಹೇಳಬೇಕು. ಮಣ್ಣು ಮಾಡಿ ಬಂದವರೂ ತಡವಾಗಿ ಬಂದು ಮುಟ್ಟಿದ ಮಕ್ಕಳೂ ತಲೆಯ ಮೇಲೆ ನೀರು ಹಾಕಿಕೊಂಡೇ ಮನೆಯೊಳಗೆ ಬರಬೇಕು, ಅದು ನಮ್ಮಲ್ಲಿಯ ರೂಢಿ. ಅಪ್ಪ ಹೋದ ಮಾರನೇ ದಿನ ನಾನು ಊರು ಮುಟ್ಟಿದಾಗ ಮನೆ ತುಂಬ ಜನ. ಆ ವಾರ ನಳ ಬಂದಿರಲಿಲ್ಲ, ಬಂದವರೆಲ್ಲ ಸ್ನಾನ ಮಾಡಿದ್ದರು, ಬ್ಯಾರಲ್ಲು ತಳ ಕಂಡಿತ್ತು. ನಾನು ಹುಟ್ಟಿದಾಗಿನಿಂದ ಆ ಮನೆಯಲ್ಲಿ ನೀರು ತೀರಿದ್ದು ಅದೊಂದೇ ಸಲ, ನೋಡಿಕೊಳ್ಳುವವರೇ ಇರಲಿಲ್ಲವಲ್ಲ. ಚಿಕ್ಕಮ್ಮ ಎಲ್ಲಿಂದಲೋ ಒಂದು ತಂಬಿಗೆ ನೀರು ತಂದು ನನ್ನ ಕಾಲ ಮೇಲೆ ಹಾಕಿ, "ಇಷ್ಟ ಸಾಕು ಬಾ ಯವ್ವಾ" ಎಂದು ಒಳಗೆ ಕರೆದುಕೊಂಡಳು. ಅಪ್ಪನ ಹೆಸರಿನ ನೀರು ನನ್ನ ತಲೆಯ ಮೇಲೆ ಬಿದ್ದಿರಲೇ ಇಲ್ಲ.

ಕುದಿಸಿ ಹದಕ್ಕೆ ಆರಿಸಿದ ನೀರನ್ನು ಬಚ್ಚಲಿಗೆ ಒಯ್ದು, ಹಳೆಯ ಸೀರೆಯುಟ್ಟು ಮಣೆಯ ಮೇಲೆ ಕೂತೆ. ತಂಬಿಗೆ ತುಂಬಿಕೊಂಡೆ, ತಲೆಯ ತನಕ ಎತ್ತಲಾಗಲಿಲ್ಲ. ಇಂಚರಾ ಬಾಗಿಲು ತಳ್ಳಿಕೊಂಡು ಬಂದಳು.

"ಅಮ್ಮಾ, ಇದು ಅಜ್ಜನ ನೀರಾ?"

"ಹೂಂ."

"ಶ್ಯಾಲ್ ಐ? ನಾನು ಹಾಕ್ಲಾ?" ಎಂದು ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡಳು. ಒಂದು ತಂಬಿಗೆ ತಲೆಯ ಮೇಲೆ ಹಾಕಿದಳು. ಅಪ್ಪಾ ಎಂದು ಜೋರಾಗಿ ಅತ್ತುಬಿಟ್ಟೆ, ಪಕ್ಕದ ಮನೆಗೂ ಕೇಳಿರಬೇಕು. ಮಗು ಹೆದರಿ ತಂಬಿಗೆ ಹಿಡಿದೇ ನಿಂತಿತು.

"ನಿಲ್ಲಿಸ್ಲಾ ಅಮ್ಮಾ?"

"ಬೇಡ, ಹಾಕು."

ನೀರು ತೀರುವ ತನಕ ಹಾಕಿದಳು.